ಖ್ಮೇರ್ ನುಡಿಯ ಹತ್ತಾರು ಮಾತು

ಅಂಕೋರ್ ವಾಟ್ ನೋಡಲು ಕಾಂಬೋಡಿಯಕ್ಕೆ ಹೊರಟಿದ್ದೀರಾ? ಹಾಗಾದರೆ ಪ್ರಯಾಣದ ಚೀಲದ ಜೊತೆಗೆ ಹತ್ತಾರು ಖ್ಮೇರ್ ಮಾತುಗಳನ್ನೂ ಕಟ್ಟಿಕೊಳ್ಳಿ. ದೊಡ್ಡ ಹೋಟೆಲುಗಳಲ್ಲಿ ಇಂಗ್ಲಿಷ್ ನಡೆಯುತ್ತದೆ, ಹಳ್ಳಿಯ ಸಂತೆಯಲ್ಲಿ ನಡೆಯದೆ ಹೋಗಬಹುದು. ಪಕ್ಕದ ಥಾಯ್ ಭಾಷೆಯಲ್ಲಿ ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಖ್ಮೇರಿನಲ್ಲಿ ಆ ತೊಡಕಿಲ್ಲ.

ಹಿರಿಯರು ಎದುರಾದರೆ ನಮ್ಮಂತೆಯೇ ಕೈಮುಗಿದು ‘ಚುಮ್ರಿಯಪ್ ಸುವ’ ಎನ್ನಿ. ‘ಹೌದು’ ಎನ್ನಲು ಗಂಡಸರು ‘ಬಾತ್’ ಎಂದರೆ ಹೆಂಗಸರು ‘ಚಾ’ ಎನ್ನುತ್ತಾರೆ. ಬೆಲೆ ಕೇಳಲು ‘ತ್ಲೈ ಪೊನ್ಮಾನ್?’ ನೀರಿಗೆ ‘ತುಕ್’. ಅನ್ನಕ್ಕೆ ‘ಬಾಯ್’, ಕನ್ನಡಿಗರು ಇದನ್ನು ಮರೆಯುವಂತೆಯೇ ಇಲ್ಲ!

ಎಣಿಕೆಯಲ್ಲಿ ಮೊದಲ ಐದು ಕಲಿತರೆ ಸಾಕು: ಮುವೋಯ್, ಪೀ, ಬೈ, ಬುವನ್, ಪ್ರಾಮ್. ಆರು ಎಂದರೆ ಐದು-ಒಂದು, ‘ಪ್ರಾಮ್ ಮುವೋಯ್’. ಒಂಬತ್ತರವರೆಗೂ ಇದೇ ಲೆಕ್ಕ. ಹತ್ತಕ್ಕೆ ‘ಡಾಪ್’.

ಇನ್ನು ನಮಗಿರುವ ಒಂದು ಅನುಕೂಲ. ಖ್ಮೇರ್ ಲಿಪಿಯ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ. ಸಂಸ್ಕೃತ, ಪಾಳಿ ಪದಗಳೂ ಅಲ್ಲಿ ಹೇರಳ. ಅವರ ಬಾಯಲ್ಲಿ ಗಕಾರ ಕಕಾರವಾಗುತ್ತದೆ, ದಕಾರ ತಕಾರವಾಗುತ್ತದೆ, ಕೊನೆಯ ಸ್ವರ ಉದುರುತ್ತದೆ. ಕೃತಜ್ಞತೆ ಹೇಳುವ ‘ಅರ್ ಕುನ್’ನಲ್ಲಿರುವುದು ನಮ್ಮ ‘ಗುಣ’. ಕ್ಷಮೆ ಕೇಳುವ ‘ಸೋಮ್ ತೋಹ್’ನಲ್ಲಿರುವುದು ‘ದೋಷ’. ಗುರು ‘ಕ್ರೂ’ ಆಗಿದ್ದಾನೆ, ವೈದ್ಯ ‘ಪೇತ್’ ಆಗಿದ್ದಾನೆ. ಡಾಕ್ಟರು ಬೇಕಾದರೆ ‘ಕ್ರೂ ಪೇತ್’ ಎನ್ನಿ. ಆಸ್ಪತ್ರೆ ‘ಮೊಂತೀ ಪೇತ್’, ಅಂದರೆ ವೈದ್ಯಮಂದಿರ. ತುರ್ತಿನಲ್ಲಿ ‘ಚುವೊಯ್ ಫಾಂಗ್!’ ಎಂದು ಕೂಗಿದರೆ ‘ಸಹಾಯ ಮಾಡಿ’ ಎಂದು ತಿಳಿಯುತ್ತಾರೆ.

ಒಂದು ಪದವನ್ನಂತೂ ತಪ್ಪು ತಿಳಿಯಬಾರದು. ಊರಾಚೆ ತಲೆಬುರುಡೆ ಬರೆದ ಕೆಂಪು ಫಲಕ ಕಂಡೀತು. ಯಾರಾದರೂ ‘ಮೀನ್’ ಎಂದು ಎಚ್ಚರಿಸಿಯಾರು. ಅದು ಹೊಳೆಯ ಮೀನಲ್ಲ, ಯುದ್ಧಕಾಲದಲ್ಲಿ ಹೂತಿಟ್ಟ ನೆಲಬಾಂಬು. ಮುಂದಕ್ಕೆ ಹೆಜ್ಜೆ ಇಡಬೇಡಿ.

1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಪರಭಾಷೆ ಬಲ್ಲವರೆಂದು ಗೊತ್ತಾದರೆ ಜೀವಕ್ಕೇ ಅಪಾಯವಿತ್ತು. ಗುರುಗಳೂ ವೈದ್ಯರೂ ಅಸಂಖ್ಯ ಸಂಖ್ಯೆಯಲ್ಲಿ ಬಲಿಯಾದರು. ಆ ದಿನಗಳನ್ನು ದಾಟಿ ಉಳಿದ ಹಿರಿಯರನ್ನು ‘ಇಂಗ್ಲಿಷ್ ಬರುತ್ತದೆಯೇ?’ ಎಂದು ಕೇಳುವ ಮೊದಲು, ಅವರ ನುಡಿಯಲ್ಲೇ ಒಂದು ‘ಚುಮ್ರಿಯಪ್ ಸುವ’ ಹೇಳಿ. ಉಚ್ಚಾರ ಸ್ವಲ್ಪ ತಪ್ಪಿದರೂ ಅವರೇ ನಗುತ್ತ ತಿದ್ದಿಯಾರು. ಆಗ ‘ಅರ್ ಕುನ್’ ಎನ್ನಲು ಮರೆಯಬೇಡಿ.