ಅಳಿವೆಯ ಮರಳು



ಕಡಲ ತೀರವನ್ನು ವರ್ಣಿಸುವವರು ಸಾಮಾನ್ಯವಾಗಿ ಅಲೆಗಳಿಂದ ಪ್ರಾರಂಭಿಸುತ್ತಾರೆ. ಈ ಹೊತ್ತು ನನ್ನ ಮಾತನ್ನು ಮಂಗಳೂರಿನಿಂದ ಸುಮಾರು 80 ಕಿಲೋಮೀಟರು ಒಳಗಿರುವ ಒಂದು ಊರಿನಿಂದ ಪ್ರಾರಂಭಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿಯ ಮೇಲೆ ಮೂಡಿಗೆರೆಗೆ ಹೋಗುವ ದಾರಿಯಲ್ಲಿ, ಉಜಿರೆ ಮುಂಡಾಜೆಗಳನ್ನು ದಾಟಿದ ಮೇಲೆ, ಬೆಟ್ಟದ ಬುಡದಲ್ಲಿ ಕಕ್ಕಿಂಜೆ ಎಂಬ ಸಣ್ಣ ಪೇಟೆ ಸಿಕ್ಕುತ್ತದೆ. ಬೆಳ್ತಂಗಡಿ ತಾಲ್ಲೂಕಿಗೆ ಸೇರಿದ ಊರು. ಸುತ್ತಲೂ ಅಡಕೆಯ ತೋಟಗಳು. ಪೂರ್ವಕ್ಕೆ ತಲೆಯೆತ್ತಿ ನೋಡಿದರೆ ಘಟ್ಟದ ಗೋಡೆ. ಅಲ್ಲಿ ನಿಂತವನಿಗೆ ಕಡಲು ಕಾಣುವುದಿಲ್ಲ. ಅದರ ಸದ್ದೂ ಕೇಳುವುದಿಲ್ಲ. ಆದರೂ ಉಳ್ಳಾಲದ ದಂಡೆಯಲ್ಲಿ ನಮ್ಮ ಕಾಲಡಿ ಜಾರುವ ಮರಳಿನ ತವರುಗಳಲ್ಲಿ ಈ ಸೀಮೆಯೂ ಒಂದು. ಆ ಮರಳು ಎಲ್ಲಿಂದ ಬರುತ್ತದೆ, ಹೇಗೆ ನಿಲ್ಲುತ್ತದೆ, ಏಕೆ ಹೊರಟುಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನಾವು ಬೆಟ್ಟದಿಂದ ಕಡಲಿಗೆ ಇಳಿಯೋಣ.

ಘಟ್ಟದ ಕಲ್ಲು ಬಹು ಪ್ರಾಚೀನವಾದುದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆ. ಮೈಸೂರು ನಗರದಲ್ಲಿ ಬೀಳುವುದಕ್ಕೆ ಇದು ಐದರಷ್ಟಾದೀತು. ಅದರಲ್ಲಿಯೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಈ ಮಳೆಗೂ ಅದರ ಹಿಂದಿನ ಬಿಸಿಲಿಗೂ ಸಿಕ್ಕಿದ ಬಂಡೆ ನಿಧಾನವಾಗಿ ಕೊಳೆಯುತ್ತದೆ. ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಮೆತ್ತಗಾಗಿ ಜೇಡಿಯಾಗುತ್ತದೆ. ಅಭ್ರಕ ತೆಳ್ಳಗೆ ಸಿಡಿಯುತ್ತದೆ. ಬೆಣಚುಕಲ್ಲಿನ ಹರಳು ಮಾತ್ರ ಸುಲಭವಾಗಿ ಸೋಲುವುದಿಲ್ಲ. ಹಾಗೆ ಸೋಲದೆ ಉಳಿದ ಹರಳೇ ಮರಳು. ಜೇಡಿಯ ಕಥೆ ಬೇರೆ. ಅದು ನೀರಿನಲ್ಲಿ ತೇಲಿ ಹೊಳೆಯ ಕೆಳಬದಿಯ ಗದ್ದೆಗಳಲ್ಲಿ ಇಳಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು ಇಂಥ ಜೇಡಿಯನ್ನು ನಂಬಿಯೇ. ಹೀಗೆ ಒಂದೇ ಬೆಟ್ಟದ ಕಲ್ಲಿನಲ್ಲಿ ಒಂದು ಭಾಗ ನಮ್ಮ ಮನೆಗಳ ಮಾಡಿಗೆ ಏರಿತು, ಇನ್ನೊಂದು ಭಾಗ ಕಡಲ ದಂಡೆಗೆ ಇಳಿಯಿತು.

ಚಾರ್ಮಾಡಿಯ ಬೆಟ್ಟಗಳ ನೀರನ್ನು ಕೂಡಿಸಿಕೊಂಡು ಬರುವ ಹೊಳೆಗೆ ಮೃತ್ಯುಂಜಯಾ ಎಂದು ಹೆಸರು. ಕಲ್ಮಂಜ ಗ್ರಾಮದ ಪಜಿರಡ್ಕದಲ್ಲಿ, ಸದಾಶಿವೇಶ್ವರ ದೇವಾಲಯದ ಬಳಿ, ಇದು ನೇತ್ರಾವತಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಧರ್ಮಸ್ಥಳ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯ ಸಂಗಮ. ಆಮೇಲೆ ಬಂಟ್ವಾಳ, ಪಾಣೆಮಂಗಳೂರು, ತುಂಬೆ. ಬೇಸಗೆಯಲ್ಲಿ ಈ ಹೊಳೆಗಳನ್ನು ನೋಡಿದವರಿಗೆ ಇವು ಕಲ್ಲನ್ನು ಹೊರಬಲ್ಲವೆಂದು ನಂಬಿಕೆ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ನಂಬದೆ ವಿಧಿಯಿಲ್ಲ. 1923ರ ನೆರೆಯನ್ನು ನೇತ್ರಾವತಿಯ ದಡದ ಜನ ಮಾರಿಬೊಳ್ಳವೆಂದು ಹೆಸರಿಟ್ಟು ತಲೆಮಾರುಗಳವರೆಗೆ ನೆನಸಿದರು; 1974ರಲ್ಲಿ ಮತ್ತೊಮ್ಮೆ ಬಂಟ್ವಾಳಕ್ಕೆ ನೀರು ನುಗ್ಗಿತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದಂಚಿನಲ್ಲಿ ಗುಡ್ಡಗಳು ಕುಸಿದಾಗ ಮೃತ್ಯುಂಜಯಾ ಹೊಳೆ ಬುಡಸಹಿತ ಮರಗಳನ್ನೂ ಬಂಡೆಗಳನ್ನೂ ಮರಳನ್ನೂ ಹೊತ್ತು ತಂದು ತೋಟಗಳ ಮೇಲೆ ಸುರಿಯಿತು. ಹಿಂದಿನ ದಿನ ಅಡಕೆಯ ತೋಟವಿದ್ದಲ್ಲಿ ಮರುದಿನ ಮರಳಿನ ಬಯಲು. ಒಕ್ಕಲಿಗನಿಗೆ ಅದು ಹೊತ್ತುಕೊಳ್ಳಲಾಗದ ನಷ್ಟ. ನದಿಯ ಕೆಲಸ ಮಾತ್ರ ಎಂದಿನದೇ ಆಗಿತ್ತು. ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಸಾಗಿಸುವುದನ್ನು ಆ ವರ್ಷ ಒಂದೇ ಸಲಕ್ಕೆ ಹೊತ್ತಿತು.

ಈಗ ಅಳಿವೆಗೆ ಬರೋಣ. ನದಿಯು ಕಡಲನ್ನು ಕೂಡುವ ಬಾಯಿಗೆ ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಮಂಗಳೂರಿನ ಅಳಿವೆ ಎರಡು ನದಿಗಳದು: ಪೂರ್ವದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ ಅಥವಾ ಗುರುಪುರ ನದಿ. ಇವೆರಡೂ ಒಂದೇ ಬಾಗಿಲಿನಿಂದ ಕಡಲಿಗೆ ಹೊರಡುತ್ತವೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತನು ಈ ಸೀಮೆಯ ಅಳಿವೆಗಳಲ್ಲಿ ಇದೇ ಅತ್ಯಂತ ದೊಡ್ಡದೆಂದು ಬರೆದಿಟ್ಟಿದ್ದಾನೆ. ಫಾರಸ್ ಮತ್ತು ಯೆಮನ್ ದೇಶಗಳ ವರ್ತಕರು ಮೆಣಸಿಗಾಗಿಯೂ ಶುಂಠಿಗಾಗಿಯೂ ಇಲ್ಲಿ ಇಳಿಯುತ್ತಿದ್ದರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಬಂದು ಮಂಗಳೂರನ್ನೂ ಉಳ್ಳಾಲವನ್ನೂ ಕಂಡು ಹೋದನು. ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕನ ರಾಜಧಾನಿಯೂ ಈ ಅಳಿವೆಯ ದಕ್ಷಿಣದ ದಡವೇ.

ಅಳಿವೆಯಲ್ಲಿ ನೀರು ಎರಡು ಯಜಮಾನರ ಆಳು. ಮಳೆಗಾಲದಲ್ಲಿ ನದಿಯ ಮಾತು ನಡೆಯುತ್ತದೆ: ಕೆಂಪು ನೀರು ಕಡಲೊಳಗೆ ದೂರದವರೆಗೆ ಚಾಚಿಕೊಂಡಿರುವುದನ್ನು ದಡದಿಂದಲೇ ಕಾಣಬಹುದು. ಬೇಸಗೆಯಲ್ಲಿ ಕಡಲಿನ ಮಾತು: ಭರತದ ಹೊತ್ತಿಗೆ ಉಪ್ಪುನೀರು ನದಿಯ ತಳದಲ್ಲಿ ಮೇಲಕ್ಕೆ ತೆವಳುತ್ತದೆ. ಸಿಹಿನೀರಿಗಿಂತ ಉಪ್ಪುನೀರು ಭಾರವಾದ್ದರಿಂದ ಅದು ಅಡಿಯಲ್ಲಿ ನುಗ್ಗುವುದು. ಈ ಎರಡು ನೀರುಗಳ ಬೆರಕೆಯನ್ನು ತಾಳಿಕೊಳ್ಳಬಲ್ಲ ಜೀವಿಗಳು ಮಾತ್ರ ಇಲ್ಲಿ ನೆಲಸುತ್ತವೆ. ಕೆಸರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಗಿಡಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ಇಳಿತದ ಹೊತ್ತಿನಲ್ಲಿ ಮೊಳಕಾಲುದ್ದ ನೀರಿನಲ್ಲಿ ನಿಂತು ಜನರು ಮರುವಾಯಿ ಚಿಪ್ಪುಗಳನ್ನು ಹೆಕ್ಕುತ್ತಾರೆ. ನೀರಿನ ನಡುವೆ ಅಲ್ಲಲ್ಲಿ ಕುದ್ರುಗಳು, ಎಂದರೆ ನದಿಯೇ ತಂದಿಟ್ಟ ಮಣ್ಣು ಮರಳಿನ ನಡುಗಡ್ಡೆಗಳು. ತೆಂಗನ್ನು ಬೆಳೆಸಿಕೊಂಡು ಅವುಗಳ ಮೇಲೆ ಮನೆ ಕಟ್ಟಿದವರೂ ಉಂಟು.

ಅಳಿವೆಯ ಬಾಗಿಲಿಗೆ ಎರಡು ರೆಕ್ಕೆಗಳು. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ. ಎರಡೂ ಮರಳಿನ ನಾಲಗೆಗಳು. ಮಂಗಳೂರಿನ ಹಳೆಯ ಬಂದರದಿಂದ ದೋಣಿಯಲ್ಲಿ ಗುರುಪುರ ನದಿಯನ್ನು ದಾಟಿದರೆ ಬೆಂಗ್ರೆ. ಒಂದು ಮಗ್ಗುಲಿಗೆ ಶಾಂತವಾದ ನದಿ, ಇನ್ನೊಂದು ಮಗ್ಗುಲಿಗೆ ಮೊರೆಯುವ ಕಡಲು; ನಡುವಣ ಮರಳಿನ ಪಟ್ಟಿಯ ಮೇಲೆ ಮೊಗವೀರರ ಮತ್ತು ಬ್ಯಾರಿಗಳ ಮನೆಗಳು. ಈ ಪಟ್ಟಿಯನ್ನು ನದಿಯೊಂದೇ ಕಟ್ಟಲಿಲ್ಲ. ನದಿಯು ತಂದು ಹಾಕಿದ ಮರಳನ್ನು ಕಡಲು ದಂಡೆಯುದ್ದಕ್ಕೂ ಹಂಚುತ್ತದೆ. ವರ್ಷದ ಒಂದು ಭಾಗದಲ್ಲಿ ತೀರದ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಇನ್ನೊಂದು ಭಾಗದಲ್ಲಿ ಉತ್ತರಕ್ಕೆ. ಮರಳೂ ಅತ್ತಿತ್ತ ಸಾಗುತ್ತದೆ. ಮಳೆಗಾಲದ ಎತ್ತರದ ಅಲೆಗಳು ದಂಡೆಯನ್ನು ಕಡಿದು ಮರಳನ್ನು ಸ್ವಲ್ಪ ದೂರ ನೀರಿನೊಳಗೆ ಅಡಗಿಸಿಡುತ್ತವೆ. ಮಳೆ ನಿಂತ ಮೇಲೆ ತಗ್ಗಿದ ಅಲೆಗಳು ಅದನ್ನು ಮತ್ತೆ ತಂದು ದಂಡೆಗೆ ಒಪ್ಪಿಸುತ್ತವೆ. ಆಗಸ್ಟಿನಲ್ಲಿ ಕಡಿದಾಗಿ ಕಂಡ ದಂಡೆಯೇ ಜನವರಿಯಲ್ಲಿ ಅಗಲವಾಗಿ ಇಳಿಜಾರಾಗಿ ಕಾಣುವುದು ಇದರಿಂದ.

ದಂಡೆಯ ಹಿಂದೆ ಮರಳಿನ ದಿಬ್ಬಗಳು. ಮೈಸೂರು ಸೀಮೆಯವರು ಇದನ್ನು ತಿಳಿಯಲು ತಲಕಾಡನ್ನು ನೆನೆದರೆ ಸಾಕು. ಕಾವೇರಿಯ ಪಾತ್ರದಲ್ಲಿ ಒಣಗಿದ ಮರಳನ್ನು ಗಾಳಿ ಎತ್ತಿ ಅಲ್ಲಿಯ ದೇವಾಲಯಗಳ ಮೇಲೆ ಹೊದಿಸಿತು. ಕಡಲ ತೀರದಲ್ಲಿಯೂ ಗಾಳಿಯೇ ಕೆಲಸಗಾರ. ವ್ಯತ್ಯಾಸವಿಷ್ಟೆ: ಇಲ್ಲಿ ಗಾಳಿಗೆ ಲಗಾಮು ಹಾಕುವ ಸಸ್ಯಗಳಿವೆ. ಮೊದಲು ಬರುವುದು ಅಡಂಬು ಬಳ್ಳಿ. ಮೇಕೆಯ ಗೊರಸಿನಂಥ ಸೀಳೆಲೆ, ನೇರಳೆ ಬಣ್ಣದ ಹೂವು. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಮರಳನ್ನು ಹೊಲಿಯುತ್ತಾ ಹೋಗುತ್ತದೆ. ಅದರ ಜೊತೆಗೆ ರಾವಣನ ಮೀಸೆ ಎಂಬ ಚುಚ್ಚುವ ಹುಲ್ಲು. ಅದರ ಒಣಗಿದ ಮುಳ್ಳುಗೋಳಗಳು ಗಾಳಿಗೆ ಉರುಳುತ್ತಾ ಬೀಜವನ್ನು ಬಿತ್ತುತ್ತವೆ. ಇವು ತಡೆದ ಮರಳು ಕೂಡಿ ಕೂಡಿ ದಿಬ್ಬವಾಗುತ್ತದೆ. ದಿಬ್ಬವು ದಂಡೆಯ ಗಂಟುಹಣ. ಬಿರುಮಳೆಯ ವರ್ಷ ಕಡಲು ಅದನ್ನು ಕಡಿದು ಖರ್ಚು ಮಾಡುತ್ತದೆ, ಹಿಂದಿರುವ ಮನೆಗಳು ಉಳಿಯುತ್ತವೆ.

ದಿಬ್ಬದ ಇನ್ನೊಂದು ಉಪಕಾರ ಕಣ್ಣಿಗೆ ಕಾಣುವುದಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲಿ ನಿಲ್ಲುತ್ತದೆ. ಸಿಹಿನೀರು ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತರೆ, ಕೆಳಗೆ ಸುಮಾರು 40 ಅಡಿಯಷ್ಟು ಸಿಹಿನೀರು ಇರಬಲ್ಲುದೆಂದು ಶಾಸ್ತ್ರಜ್ಞರ ಲೆಕ್ಕ. ಕಡಲಿಗೂ ನದಿಗೂ ನಡುವಣ ಬೆಂಗ್ರೆಯ ಪಟ್ಟಿಯ ಉತ್ತರಕ್ಕೆ ತಣ್ಣೀರುಬಾವಿ ಎಂಬ ಊರಿದೆ. ಹೆಸರಿನಲ್ಲಿಯೇ ಬಾವಿಯಿದೆ. ದಿಬ್ಬವನ್ನು ಸಮಮಾಡಿದರೆ ಈ ಮಸೂರ ತೆಳುವಾಗುತ್ತದೆ. ಬಾವಿಗೆ ಉಪ್ಪು ಏರುತ್ತದೆ.

ಇಷ್ಟರವರೆಗೆ ಮರಳು ಬಂದು ನಿಂತ ಕಥೆಯಾಯಿತು. ಮೂರನೆಯ ಪ್ರಶ್ನೆ ಉಳಿದಿದೆ: ಅದು ಏಕೆ ಹೋಗುತ್ತಿದೆ? ಉಳ್ಳಾಲದ ಮೊಗವೀರಪಟ್ಣ, ಸೋಮೇಶ್ವರ, ಉಚ್ಚಿಲಗಳ ಕಡೆಗೆ ಮಳೆಗಾಲದಲ್ಲಿ ಹೋದವರು ಕಡಲ್ಕೊರೆತವೆಂಬ ಮಾತಿನ ಅರ್ಥವನ್ನು ಕಣ್ಣಾರೆ ಕಾಣಬಹುದು: ಬೇರು ಹೊರಬಿದ್ದು ಮಲಗಿದ ತೆಂಗಿನ ಮರಗಳು, ಅರ್ಧ ಗೋಡೆ ಮಾತ್ರ ಉಳಿದ ಮನೆಗಳು, ಅವುಗಳ ಮುಂದೆ ರಾಶಿ ಹಾಕಿದ ಕಪ್ಪು ಬಂಡೆಗಳು. ಇದಕ್ಕೆ ಒಂದೇ ಕಾರಣವನ್ನು ಹೇಳುವುದು ನ್ಯಾಯವಲ್ಲ. ಅಳಿವೆಯ ಬಾಗಿಲಿನಲ್ಲಿ ಮರಳು ತುಂಬಿ ಮೀನುಗಾರರ ದೋಣಿಗಳು ಮಗುಚುತ್ತಿದ್ದುದರಿಂದ 1990ರ ದಶಕದಲ್ಲಿ ಎರಡು ಪಕ್ಕಗಳಲ್ಲಿಯೂ ಕಲ್ಲಿನ ಅಲೆತಡೆಗಳನ್ನು ಕಟ್ಟಿದರು. ದೋಣಿಗೆ ದಾರಿಯಾಯಿತು, ದಂಡೆಯುದ್ದಕ್ಕೂ ಸಾಗುವ ಮರಳಿಗೆ ಅಡ್ಡಿಯಾಯಿತು. ಇತ್ತ ನದಿಯ ಪಾತ್ರದಿಂದ ಕಟ್ಟಡಗಳಿಗೆಂದು ಮರಳನ್ನು ತೆಗೆಯುವುದು ಬೆಳೆಯುತ್ತಾ ಬಂದಿತು. ಪಾವೂರು ಉಳಿಯದಂಥ ಕುದ್ರುಗಳ ಅಂಚು ಕುಸಿಯುತ್ತಿದೆಯೆಂದು ಅಲ್ಲಿಯ ನಿವಾಸಿಗಳು ಮೊರೆಯಿಟ್ಟರು. ತುಂಬೆಯ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರನ್ನು ಕೊಡುತ್ತದೆ. ಹೊಳೆಯ ಓಟಕ್ಕೆ ಅದೂ ಒಂದು ತಡೆಯೇ. ಕಡಲಿಗೆ ಕಲ್ಲು ಸುರಿದರೆ ಎದುರಿನ ಮನೆಗೆ ಒಂದೆರಡು ಮಳೆಗಾಲದ ನೆಮ್ಮದಿ. ಆದರೆ ಕಲ್ಲಿಗೆ ಬಡಿದ ಅಲೆ ಬುಡದ ಮರಳನ್ನು ಸೆಳೆದುಕೊಂಡು ಪಕ್ಕದ ದಂಡೆಗೆ ತಿರುಗುತ್ತದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉಳ್ಳಾಲದ ಕಡಲಿನೊಳಗೆ ಅಲೆಯ ಬಲವನ್ನು ಮುರಿಯುವ ದಿಣ್ಣೆಗಳನ್ನು ಕಟ್ಟಿದ್ದೂ ಉಂಟು. ಒಂದು ಕಡೆ ಹಿಡಿತಕ್ಕೆ ಬಂದ ಕೊರೆತ ಇನ್ನೊಂದು ಕಡೆ ತಲೆಯೆತ್ತುವುದು ಈ ತೀರಕ್ಕೆ ಹೊಸದಲ್ಲ.

ಇಲ್ಲಿ ಯಾರನ್ನೂ ದುಷ್ಟರೆಂದು ದೂರುವಂತಿಲ್ಲ. ದೋಣಿಗೆ ದಾರಿ ಬೇಕು, ನಗರಕ್ಕೆ ನೀರು ಬೇಕು, ಮನೆ ಕಟ್ಟುವವನಿಗೆ ಮರಳು ಬೇಕು, ಅದನ್ನು ಮುಳುಗಿ ತೆಗೆಯುವ ಕೂಲಿಗೆ ಅನ್ನ ಬೇಕು. ತೊಂದರೆಯಿರುವುದು ಲೆಕ್ಕವನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯುವುದರಲ್ಲಿ. ಬೆಟ್ಟದ ಕುಸಿತ ಒಂದು ಇಲಾಖೆಗೆ, ನದಿಯ ಮರಳು ಮತ್ತೊಂದಕ್ಕೆ, ಬಂದರು ಮೂರನೆಯದಕ್ಕೆ, ಕಡಲ್ಕೊರೆತದ ಪರಿಹಾರ ನಾಲ್ಕನೆಯದಕ್ಕೆ. 1991ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಕರಾವಳಿ ನಿಯಂತ್ರಣದ ಆಜ್ಞೆ ದಿಬ್ಬಗಳನ್ನು ಕಾಯಲು ಯತ್ನಿಸಿತು. ಆದರೆ ಮರಳು ಹುಟ್ಟುವ ಘಟ್ಟದ ಬುಡದವರೆಗೆ ಆ ಆಜ್ಞೆಯ ಕೈ ಚಾಚಲಿಲ್ಲ. ಮರಳಿಗಾದರೋ ಒಂದೇ ಪುಸ್ತಕ. ಕಕ್ಕಿಂಜೆಯ ಕಡೆ ಜಮೆ, ಉಳ್ಳಾಲದ ಕಡೆ ಖರ್ಚು. ನಡುದಾರಿಯಲ್ಲಿ ತೆಗೆದದ್ದೆಲ್ಲಾ ತೀರಕ್ಕೆ ಬೀಳುವ ಕೊರತೆ. ವರ್ಷಕ್ಕೆ ನದಿ ಎಷ್ಟನ್ನು ತರುತ್ತದೆಯೋ ಅದನ್ನು ಅಳೆದು, ದಂಡೆಗೆ ಬೇಕಾದಷ್ಟನ್ನು ಮೊದಲು ಎತ್ತಿಟ್ಟು, ಮಿಕ್ಕದ್ದನ್ನು ಮಾತ್ರ ಉಪಯೋಗಿಸುವುದು ಗೃಹಸ್ಥನಾದವನಿಗೆ ಸಹಜವಾಗಿ ತೋರುವ ಮಾರ್ಗ.

ಈ ತೀರವನ್ನು ನೋಡಬಯಸುವವರು ನವೆಂಬರಿನಿಂದ ಫೆಬ್ರವರಿಯೊಳಗೆ, ಇಳಿತದ ಹೊತ್ತನ್ನು ವಿಚಾರಿಸಿಕೊಂಡು ಹೋಗಬೇಕು. ಸೋಮೇಶ್ವರದ ಬಂಡೆಗಳಿಂದ ಉತ್ತರಾಭಿಮುಖವಾಗಿ ಕೋಟೆಪುರದವರೆಗೆ ನಡೆದರೆ ಎದುರಿಗೆ ಬೆಂಗ್ರೆ, ನಡುವೆ ಅಳಿವೆ. ಅಡಂಬು ಬಳ್ಳಿಯನ್ನು ತುಳಿಯದೆ ಹೋಗಬೇಕು. 2024ರ ಆರಂಭದಲ್ಲಿ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಮಂಗಳೂರಿನ ಸುತ್ತಣ ದಂಡೆಗಳಲ್ಲಿ ಮೊಟ್ಟೆಯಿಟ್ಟದ್ದು ಕಂಡುಬಂದಿತು; ಅವುಗಳಿಗೂ ಬೇಕಾದದ್ದು ಕಲ್ಲಿಲ್ಲದ, ಅಗಲವಾದ, ಒಣ ಮರಳೇ. ಸಾಧ್ಯವಾದರೆ ಅದೇ ಪ್ರಯಾಣದಲ್ಲಿ ಒಂದು ದಿನವನ್ನು ಉಳಿಸಿಕೊಂಡು ಪಜಿರಡ್ಕದ ಸಂಗಮದವರೆಗೂ ಹೋಗಿಬನ್ನಿ. ಹೊಳೆಯ ಮರಳನ್ನು ಒಂದು ಹಿಡಿ, ದಂಡೆಯ ಮರಳನ್ನು ಒಂದು ಹಿಡಿ ಅಂಗೈಯಲ್ಲಿಟ್ಟು ಹೋಲಿಸಿ. ಮೊದಲನೆಯದು ದಪ್ಪ, ಮೂಲೆಮೂಲೆಯಾದುದು. ಎರಡನೆಯದು ಸಣ್ಣದಾಗಿ ಉರುಟಾದುದು. ನಡುವಣ ವ್ಯತ್ಯಾಸವೆಲ್ಲಾ ದಾರಿಯ ಸವೆತ. ಆ ದಾರಿಯನ್ನು ತೆರೆದಿಡುವುದು ನಮ್ಮ ಕೈಯಲ್ಲಿದೆ.