ಸಣ್ಣ ಗಂಟಿನ ಸಿನೆಮಾ

ಹಂಪಸಾಗರದ ಹಿರಿಯರೇ, ಕಂಪನಿ ನಾಟಕದಲ್ಲಿ ಬಣ್ಣದ ಪರದೆಯೊಂದು ಇಳಿದರೆ ಸಾಕು, ಅದನ್ನೇ ಅರಮನೆಯೆಂದು ನಂಬುತ್ತಿದ್ದೆವಲ್ಲವೆ? ವಿಜ್ಞಾನದ ಕಲ್ಪನೆಯ ಚಿತ್ರಗಳಿಗೂ ಆ ನಂಬಿಕೆಯೇ ಬಂಡವಾಳ.

ಆಫ್ರಿಕದ ಉಗಾಂಡಾದಲ್ಲಿ ನಬ್ವಾನ ಎಂಬವರು 2010ರಲ್ಲಿ ಹೊಡೆದಾಟದ ಚಿತ್ರವೊಂದನ್ನು ತೆಗೆದರು. ಹಳೆಯ ಬಿಡಿಭಾಗಗಳಿಂದ ತಾವೇ ಜೋಡಿಸಿದ ಕಂಪ್ಯೂಟರಿನಲ್ಲಿ ಹೆಲಿಕಾಪ್ಟರುಗಳನ್ನು ಹಾರಿಸಿದರು.

ನಮ್ಮಲ್ಲಿಯೂ ಅಂಥ ಸಾಹಸ ನಡೆದಿದೆ. ಪವನ್ ಕುಮಾರರ ‘ಲೂಸಿಯಾ’ಕ್ಕೆ ನಿರ್ಮಾಪಕರು ಮುಂದೆ ಬಾರದಿದ್ದಾಗ, 110 ಮಂದಿ ಸೇರಿ 51 ಲಕ್ಷ ರೂಪಾಯಿ ಕೂಡಿಸಿದರು. 2013ರಲ್ಲಿ ಚಿತ್ರ ತೆರೆಕಂಡಿತು. ಟಾಕೀಸಿನಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಜಾಗ ತೋರಿಸುವ ಹುಡುಗ, ನಿದ್ರೆ ಬಾರದೆ ಗುಳಿಗೆಯೊಂದನ್ನು ನುಂಗಿ, ಕನಸಿನಲ್ಲಿ ಬೇರೆಯೇ ಬಾಳನ್ನು ಕಾಣುತ್ತಾನೆ. ಚಿತ್ರದ ವಿಜ್ಞಾನವೆಲ್ಲ ಆ ಒಂದು ಗುಳಿಗೆಯಲ್ಲಿದೆ. ಅದಕ್ಕೆ ಕೋಟಿ ಬೇಕಾಗಲಿಲ್ಲ.

ಇಂಥ ಚಿತ್ರ ಹತ್ತಿರದ ಊರಿಗೆ ಬಂದಾಗ ತಪ್ಪದೆ ಹೋಗಿ ನೋಡಿ. ನಂಬುವ ಕಣ್ಣಿಲ್ಲದಿದ್ದರೆ ಪರದೆ ಬರಿಯ ಬಟ್ಟೆ.