ಅಡುಗೆಮನೆಯ ವಿನಯ

ವಿನಯವನ್ನು ಕುರಿತು ಭಾಷಣ ಮಾಡುವುದು ಸಂಕೋಚದ ಕೆಲಸ. ಮಾತು ಚೆನ್ನಾಗಿ ಬಂದರೆ ಮಾತನಾಡಿದವನಿಗೆ ಹೆಮ್ಮೆ. ಹೆಮ್ಮೆ ಬಂದೊಡನೆ ವಿಷಯವೇ ಕೈತಪ್ಪಿಹೋಗುತ್ತದೆ. ಆದ್ದರಿಂದ ಪಾಂಡಿತ್ಯದ ಗೊಡವೆಯೇ ಇಲ್ಲದಿದ್ದ ಒಬ್ಬ ಅಡುಗೆಯವನ ವಿಚಾರವನ್ನು ಹೇಳುತ್ತೇನೆ.

ಆತನ ಹೆಸರು ನಿಕೊಲಾ ಎರ್ಮಾನ್. ಇಂದಿನ ಫ್ರಾನ್ಸಿನ ಪೂರ್ವಭಾಗದಲ್ಲಿರುವ ಲೊರೇನ್ ಪ್ರಾಂತದಲ್ಲಿ, 1614ರ ಸುಮಾರಿಗೆ, ಬಡಕುಟುಂಬದಲ್ಲಿ ಹುಟ್ಟಿದವನು. ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕನಾಗಿ ಗಾಯಗೊಂಡು ಕುಂಟನಾದ. ತರುವಾಯ ಸಿರಿವಂತರೊಬ್ಬರ ಮನೆಯಲ್ಲಿ ಊಳಿಗಕ್ಕೆ ನಿಂತ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಮೊದ್ದು ತಾನೆಂದು ಆತನೇ ಹೇಳಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿದ. ಅಲ್ಲಿ ದೊರೆತ ಹೆಸರು ಬ್ರದರ್ ಲಾರೆನ್ಸ್. ದೊರೆತ ಕೆಲಸ ಅಡುಗೆ. ಆ ಕೆಲಸವಾದರೋ ಆತನಿಗೆ ಸ್ವಭಾವತಃ ಒಗ್ಗದ್ದು. ಆದರೂ ಹದಿನೈದು ವರ್ಷಗಳ ಕಾಲ ಅದನ್ನು ಮಾಡಿದ. ಆಮೇಲೆ ಮಠದವರ ಪಾದರಕ್ಷೆಗಳನ್ನು ಹೊಲಿದ.

ಆತನ ನಂಬಿಕೆ ಹುಟ್ಟಿದ ಬಗೆಯೂ ಸರಳವಾದದ್ದೇ. ಹದಿನೆಂಟರ ಹರೆಯದಲ್ಲಿ, ಚಳಿಗಾಲದ ಒಂದು ದಿನ, ಎಲೆಯುದುರಿದ ಮರವೊಂದನ್ನು ಕಂಡ. ಇನ್ನು ಕೆಲವೇ ದಿನಗಳಲ್ಲಿ ಇದು ಚಿಗುರೀತು, ಹೂತೀತು, ಹಣ್ಣಾದೀತು ಎಂದು ಹೊಳೆಯಿತು. ಹಾಗೆ ಚಿಗುರಿಸುವವನ ಮೇಲೆ ಪ್ರೀತಿ ನೆಟ್ಟಿತು. ಅಷ್ಟೇ.

ಸರಳವೆಂದರೆ ಸುಲಭವೆಂದಲ್ಲ. ಮಠ ಸೇರಿದ ಮೇಲೆ ಸುಮಾರು ಹತ್ತು ವರ್ಷ ಆತ ಒಳಗೊಳಗೇ ಬೆಂದ. ತನ್ನ ಪಾಪಗಳನ್ನು ನೆನೆದು ತನಗೆ ಗತಿಯಿಲ್ಲವೆಂದುಕೊಂಡ. ಕೊನೆಗೆ, ಇದು ಹೀಗೆಯೇ ಇರಲಿ, ಆದರೂ ದೇವರಿಗಾಗಿಯೇ ಬಾಳುವೆನೆಂದು ತನ್ನನ್ನು ಒಪ್ಪಿಸಿಬಿಟ್ಟ, ಮನಸ್ಸು ನೆಲೆಗೊಂಡಿತು. ಅಂದಿನಿಂದ ಪಾತ್ರೆಗಳ ಸದ್ದಿನ ನಡುವೆಯೂ, ಪ್ರಾರ್ಥನೆಯ ಮೌನದಲ್ಲಿಯೂ ಆತನಿಗೆ ದೇವರ ಸನ್ನಿಧಿ ಒಂದೇ ಆಯಿತು. ತಪ್ಪಾದರೆ ಒಪ್ಪಿಕೊಳ್ಳುವನು, ನೀನು ಕೈಬಿಟ್ಟರೆ ನಾನು ಇಷ್ಟೇ ಎಂದು ದೇವರಿಗೆ ಅರಿಕೆಮಾಡಿ ಮತ್ತೆ ಕೆಲಸಕ್ಕೆ ತೊಡಗುವನು. ಕೊರಗುತ್ತ ಕೂರುತ್ತಿರಲಿಲ್ಲ. 1691ರಲ್ಲಿ ತೀರಿಕೊಂಡ. ಆತನನ್ನು ಕಂಡು ಮಾತನಾಡಿದ್ದ ಪಾದ್ರಿ ಜೋಸೆಫ್ ದ ಬೋಫೋರ್ ಆತನ ಪತ್ರಗಳನ್ನೂ ಮಾತುಗಳನ್ನೂ ಕೂಡಿಸಿ 1692ರಿಂದ ಪ್ರಕಟಿಸದಿದ್ದರೆ, ಈ ಹೆಸರು ನಮ್ಮವರೆಗೆ ಬರುತ್ತಿರಲಿಲ್ಲ.

ದೈನ್ಯ ಬೇರೆ, ವಿನಯ ಬೇರೆ ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದುಂಟು. ದೈನ್ಯದಲ್ಲಿ ಮನುಷ್ಯ ತನ್ನನ್ನು ಅಳೆದು ಚಿಕ್ಕವನೆಂದು ಕೊರಗುತ್ತಾನೆ. ವಿನಯದಲ್ಲಿ ಅಳೆಯುವುದನ್ನೇ ಬಿಡುತ್ತಾನೆ. ವಿವರಿಸುವುದಕ್ಕೆ ನಾನು ಸಮರ್ಥನಾಗಿದ್ದೆ. ನಿವೃತ್ತನಾದ ಮೇಲೆ ನನ್ನ ಮಡದಿ ನಾಲ್ಕು ತಿಂಗಳು ಹಾಸಿಗೆ ಹಿಡಿದಳು. ಅಡುಗೆ, ಪಾತ್ರೆ ಎರಡೂ ನನ್ನ ಪಾಲಿಗೆ ಬಂದವು. ಅನ್ನ ಸೀದರೆ ಒಲೆಯನ್ನು ಬಯ್ದೆ, ಅಕ್ಕಿಯನ್ನು ಬಯ್ದೆ. ಒಂದು ಸಂಜೆ ಹಳೆಯ ಶಿಷ್ಯನೊಬ್ಬ ಬಾಗಿಲು ತಟ್ಟಿದ. ನಾನು ಪಾತ್ರೆ ಉಜ್ಜುವ ನಾರನ್ನು ಮೂಲೆಗೆ ಎಸೆದು, ಒದ್ದೆಕೈಗಳನ್ನು ಟವಲಿನಲ್ಲಿ ಬಚ್ಚಿಟ್ಟು, ಏನೋ ಓದುತ್ತಿದ್ದವನಂತೆ ಹೊರಗೆ ಬಂದೆ. ಆತ ಹೋದ ಮೇಲೆ ಮಲಗಿದ್ದಲ್ಲಿಂದಲೇ ಮಡದಿ ಕೇಳಿದಳು: “ಹಾಗಾದರೆ ನಲವತ್ತು ವರ್ಷ ನಾನು ಮಾಡಿದ್ದು ನಾಚಿಕೆಯ ಕೆಲಸವೇನು?”

ನನ್ನಲ್ಲಿ ಉತ್ತರವಿರಲಿಲ್ಲ. ಚಿಕ್ಕಂದಿನಿಂದ ದೇವಾಲಯದಲ್ಲಿ ಕೇಳಿದ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ಆಗ ನೆನಪಾಯಿತು. ಕಡೆಯ ಭೋಜನದ ರಾತ್ರಿ ಪ್ರಭು ಯೇಸು ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನು. ಗುರು ಶಿಷ್ಯರ ಮುಂದೆ ಸೇವೆಗಾಗಿ ಕಟ್ಟಿಕೊಂಡ ಬಟ್ಟೆಯಲ್ಲಿ ನಾನು ಶಿಷ್ಯನ ಮುಂದೆ ಕೈ ಬಚ್ಚಿಟ್ಟಿದ್ದೆ. ಬ್ರದರ್ ಲಾರೆನ್ಸನನ್ನು ನಾನು ಓದಿದ್ದೆನೇ ಹೊರತು ಅರಿತಿರಲಿಲ್ಲ.

ಆ ರಾತ್ರಿ ಮಡದಿಯ ಕ್ಷಮೆ ಕೇಳಿದೆ. ಈಗ ಆಕೆ ಗುಣವಾಗಿದ್ದಾಳೆ. ರಾತ್ರಿಯ ಪಾತ್ರೆಗಳು ಮಾತ್ರ ನನ್ನ ಪಾಲಿಗೇ ಉಳಿದಿವೆ. ಪ್ರತಿದಿನವೂ ಅವನ್ನು ಭಕ್ತಿಯಿಂದ ತೊಳೆಯುತ್ತೇನೆಂದು ಹೇಳಲಾರೆ. ಎಷ್ಟೋ ದಿನ ಗೊಣಗುತ್ತಲೇ ತೊಳೆಯುತ್ತೇನೆ. ಆದರೆ ಯಾರಾದರೂ ಬಾಗಿಲು ತಟ್ಟಿದರೆ ಒದ್ದೆಕೈಯಲ್ಲಿಯೇ ಹೋಗಿ ತೆರೆಯುತ್ತೇನೆ.